ಜೋಪಾನಯ್ಯನ ಕಾವಲುಗಾರ

ಆಗಿದ್ದು ಇಷ್ಟೇ. ಫೋಲ್ಡರಿನಲ್ಲಿ ಏನೇನಿದೆ ಎಂದು ನೋಡದೆ ಜೋಪಾನಯ್ಯ ಅದನ್ನು ಇಡಿಯಾಗಿ ಪೊಟ್ಟಣ ಕಟ್ಟಿದ್ದ.

ಜೋಪಾನಯ್ಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಈ ಸಾಫ್ಟ್‌ವೇರ್ ಕಂಪನಿಗೆ ಸೇರಿದ ಆರು ತಿಂಗಳಲ್ಲಿ, ಲಿಫ್ಟಿನಲ್ಲಿ ಕಂಡವರಿಗೂ "ಪಾಸ್‌ವರ್ಡ್ ಜೋಪಾನ" ಎನ್ನುತ್ತಿದ್ದುದಕ್ಕೆ ಸಿಕ್ಕ ಬಿರುದು. ಅವನ ಕೆಲಸವೂ ಅಂಥದ್ದೇ. ಉಳಿದವರು ಬರೆದ ಪ್ರೋಗ್ರಾಮನ್ನು ಬಿಲ್ಡ್ ಯಂತ್ರ ಜೋಡಿಸಿಕೊಡುತ್ತದೆ. ಅದನ್ನು ಪೊಟ್ಟಣ ಮಾಡಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಕಂಪನಿಯ ವೆಬ್ ಪುಟದಲ್ಲಿ ಇವನು ಇಡಬೇಕು. ಕಂಪನಿಯ ಕೋಡೆಲ್ಲ ಇರುವ ಉಗ್ರಾಣಕ್ಕೆ ಯಂತ್ರ ಹೋಗಿಬರಲು ನಲವತ್ತು ಅಕ್ಷರಗಳ ಒಂದು ಟೋಕನ್ ಉಂಟು. ಅದು ಯಾರ ಕೈಗೆ ಸಿಕ್ಕರೂ ಅವರಿಗೆ ಉಗ್ರಾಣದ ಬಾಗಿಲು ತೆರೆದಂತೆಯೇ.

ಅಂದು ಅವನ ಪ್ರೊಬೇಷನ್ನಿನ ಕೊನೆಯ ದಿನ. ಸಂಜೆ ಐದಕ್ಕೆ ಮ್ಯಾನೇಜರು ಕೆಲಸ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕು. ಹಿಂದೆ ಎರಡು ಕಂಪನಿಗಳು ಅವನನ್ನು ಇದೇ ಹಂತದಲ್ಲಿ ಮನೆಗೆ ಕಳಿಸಿದ್ದವು. ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಹೆಂಡತಿ, "ಇವತ್ತೊಂದಿನ ಸುಮ್ನೆ ಕೂತಿದ್ದು ಬನ್ನಿ. ಹೊಸದಾಗಿ ಏನೂ ಮಾಡೋಕೆ ಹೋಗ್ಬೇಡಿ," ಎಂದಿದ್ದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಹತ್ತೂವರೆಗೆ ನಿನ್ನೆಯ ಪೊಟ್ಟಣವನ್ನು ಬಿಚ್ಚಿ ನೋಡಿದ. ಯಂತ್ರ ತನ್ನ ಕೆಲಸಕ್ಕೆಂದು ಇಟ್ಟುಕೊಳ್ಳುವ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರೊಂದು ಪ್ರೋಗ್ರಾಮಿನ ಜೊತೆಗೇ ಬಂದು ಕೂತಿತ್ತು. ಅದರೊಳಗೆ ಟೋಕನ್, ನಲವತ್ತಕ್ಕೆ ನಲವತ್ತೂ ಅಕ್ಷರ. ಪುಟದಲ್ಲಿ 'ಇಳಿಸಿಕೊಂಡವರು: ಮೂರು' ಎಂದಿತ್ತು. ಪೊಟ್ಟಣವನ್ನು ಅಲ್ಲಿಂದ ಕಿತ್ತುಹಾಕಿದನೇನೋ ಸರಿ, ಆದರೆ ಆ ಮೂವರು ಯಾರು?

"ಯಾಕೋ, ಮುಖ ಹಿಂಗಾಗಿದೆ?" ಪಕ್ಕದ ಮೇಜಿನಿಂದ ವಾರ್ತೆ ಕೇಳಿದ. ಟೆಸ್ಟಿಂಗ್ ವಿಭಾಗದ ಇವನಿಗೆ ಆ ಹೆಸರು ಏಕೆ ಬಂತೆಂದು ಹೇಳಬೇಕಾಗಿಲ್ಲ.

"ಟೋಕನ್ ಹೊರಗೆ ಹೋಗಿದೆ ಕಣೋ. ಯಾರಿಗೂ ಹೇಳ್ಬೇಡ."

"ಛೇ, ನಾನ್ಯಾಕೆ ಹೇಳ್ಲಿ?" ಎಂದು ವಾರ್ತೆ ನೀರು ತರಲು ಎದ್ದುಹೋದ. ಅವನು ಬಾಟಲಿ ತುಂಬಿಸಿಕೊಂಡು ಬರುವಷ್ಟರಲ್ಲಿ ಜೋಪಾನಯ್ಯನ ಕುರ್ಚಿಯ ಸುತ್ತ ಅರ್ಧ ಆಫೀಸು ನೆರೆದಿತ್ತು. ಯಂತ್ರವನ್ನೊಮ್ಮೆ ಆಫ್ ಮಾಡಿ ಆನ್ ಮಾಡು ಎಂದರು ಒಬ್ಬರು. ಡಿಸೈನ್ ವಿಭಾಗದ ಹಿರಿಯರು ಅವನ ಹೆಗಲು ತಟ್ಟಿ, "ಇದೆಲ್ಲ ಆಗೋದೇ ಬಿಡಪ್ಪ. ನಮ್ಮ ಭಾವನ ಕೆಲಸಾನೂ ಹಿಂಗೇ ಹೋಗಿದ್ದು," ಎಂದು ಸಮಾಧಾನ ಹೇಳಿದರು.

ಟೋಕನ್ ರದ್ದು ಮಾಡುವ ಅಧಿಕಾರ ಇದ್ದದ್ದು ಬೀಗದಕ್ಕ ಒಬ್ಬರಿಗೇ. ಎಲ್ಲ ಯಂತ್ರಗಳ ಮೇಲ್ವಿಚಾರಕಿಯಾದ ಆಕೆ ಅಂದು ಹಲ್ಲು ಕೀಳಿಸಲು ರಜೆ ಹಾಕಿದ್ದರು. ಫೋನ್ ಮಾಡಿದರೆ ಎತ್ತಿಕೊಂಡದ್ದು ಕ್ಲಿನಿಕ್ಕಿನ ನರ್ಸ್. "ಅವ್ರು ಬಾಯಿ ತೆರ್ಕೊಂಡಿದಾರೆ. ಮಾತಾಡೋಕಾಗಲ್ಲ."

ಜೋಪಾನಯ್ಯ ಎರಡು ಬೀದಿ ಓಡಿ, ಎರಡು ಮಹಡಿ ಹತ್ತಿ, ಏದುಸಿರು ಬಿಡುತ್ತ ಒಳಗೆ ನುಗ್ಗಿದ. ಕೆನ್ನೆ ಹಿಡಿದು ಕಾಯುತ್ತಿದ್ದ ಅಜ್ಜಿಯೊಬ್ಬರು, "ನಮಗಿಂತ ಜಾಸ್ತಿ ನೋವೇನಪ್ಪ ನಿಂಗೆ?" ಎಂದು ಗದರಿದರು.

"ಹೌದಮ್ಮ," ಎಂದ ಪ್ರಾಮಾಣಿಕವಾಗಿ.

ಬೀಗದಕ್ಕನ ಬಾಯಿ ತುಂಬ ಹತ್ತಿ. ವಿಷಯ ಕೇಳಿ ಕಣ್ಣು ಕೆಂಪಗೆ ಮಾಡಿ ಫೋನು ಕೈಗೆತ್ತಿಕೊಂಡರು. ಒಂದು ಕೆನ್ನೆ ಬೋಂಡಾದ ಹಾಗೆ ಊದಿದ್ದ ಆ ಮುಖವನ್ನು ಫೋನು ಗುರುತಿಸಲಿಲ್ಲ. ಡಾಕ್ಟರು ಇಕ್ಕಳ ಹಿಡಿದು ಕಾಯುತ್ತಿದ್ದರೆ ಆಕೆ ಆ ಸ್ಥಿತಿಯಲ್ಲೂ ಜೋಪಾನಯ್ಯನಿಗೆ ಕಾಣದಂತೆ ಗೋಡೆಯ ಕಡೆ ತಿರುಗಿ ಪಾಸ್‌ವರ್ಡ್ ಒತ್ತಿದರು. ಹಳೆಯ ಟೋಕನ್ ರದ್ದಾಯಿತು, ಯಂತ್ರಕ್ಕೆ ಹೊಸದು ಸಿಕ್ಕಿತು. ಆಮೇಲೆ ಕೈಲಿದ್ದ ಕ್ಲಿನಿಕ್ಕಿನ ಚೀಟಿಯ ಹಿಂಬದಿಯಲ್ಲಿ ಏನೋ ಗೀಚಿ ಅವನಿಗೆ ಕೊಟ್ಟರು: 'ಪೊಟ್ಟಣಕ್ಕೆ ಬೇಕಾದ ಫೈಲು ಮಾತ್ರ ಹಾಕು. ಬೇರೇನೂ ಮಾಡಬೇಡ.'

ಒಂದೇ ಸಾಲಿನ ತಿದ್ದುಪಡಿ. ಐದು ನಿಮಿಷದ ಕೆಲಸ. ಮಾಡಿ ಮುಗಿಸುತ್ತಿದ್ದನೇನೋ, ಆದರೆ ಆಫೀಸಿನ ಬಾಗಿಲಲ್ಲೇ ಮ್ಯಾನೇಜರು ಎದುರಾದರು. "ವಾರ್ತೆ ಹೇಳಿದ. ಇದಕ್ಕೆ ಏನು ವ್ಯವಸ್ಥೆ ಮಾಡಿದ್ರಿ ಅಂತ ಐದಕ್ಕೆ ಎಲ್ರಿಗೂ ತೋರಿಸಿ."

ಒಂದು ಸಾಲನ್ನು ಎಲ್ಲರಿಗೂ ಹೇಗೆ ತೋರಿಸುವುದು? ಜೋಪಾನಯ್ಯನಿಗೆ ನಾಚಿಕೆಯಾಯಿತು. ಪೊಟ್ಟಣ ಕಟ್ಟುವ ರೀತಿಯನ್ನು ಇದ್ದ ಹಾಗೇ ಬಿಟ್ಟು, ಊಟವನ್ನೂ ಮರೆತು, ಇನ್ನೂರು ಸಾಲಿನ ಹೊಸ ಪ್ರೋಗ್ರಾಮು ಬರೆದ. ಅದಕ್ಕೆ ಕಾವಲುಗಾರ ಎಂದು ಹೆಸರಿಟ್ಟ. ಪೊಟ್ಟಣ ಮುಚ್ಚುವ ಮೊದಲು ಇದು ಒಳಗೆಲ್ಲ ತಡಕಬೇಕು, ಟೋಕನ್ ಕಂಡರೆ ಆ ಫೋಲ್ಡರನ್ನೇ ಆಚೆ ಎಸೆಯಬೇಕು, ಹಿಡಿದದ್ದನ್ನು ವರದಿಯಲ್ಲಿ ಬರೆಯಬೇಕು.

"ವರದೀನ ಪೊಟ್ಟಣದೊಳಗೇ ಇಡು," ಎಂದ ವಾರ್ತೆ. "ನೋಡಿದೋರಿಗೆ ನಂಬಿಕೆ ಬರುತ್ತೆ." ಅದೂ ಸರಿಯೆನಿಸಿತು.

ನಾಲ್ಕಕ್ಕೆ ಹೊಸ ಪೊಟ್ಟಣ ಪುಟಕ್ಕೆ ಹೋಯಿತು. ಹಿಗ್ಗಿಹೋದ ಮ್ಯಾನೇಜರು, 'ನಮ್ಮ ಕಾವಲು ಹೇಗಿದೆ, ನೀವೇ ನೋಡಿ' ಎಂದು ಗಿರಾಕಿಗಳಿಗೆಲ್ಲ ಸಂದೇಶ ಕಳಿಸಿದರು.

ಐದಕ್ಕೆ ಎಲ್ಲರೂ ಮೀಟಿಂಗ್ ಕೋಣೆಯಲ್ಲಿ ಸೇರಿದರು. ಮೇಜಿನ ಮೇಲೆ ಖಾಯಂ ಕಾಗದ, ಅದರ ಮೇಲೆ ಪೆನ್ನು. ಗೋಡೆಯ ಪರದೆಯ ಮೇಲಿದ್ದ ವರದಿಯನ್ನು ಮ್ಯಾನೇಜರು ಗಟ್ಟಿಯಾಗಿ ಓದಿದರು: "ಒಂದು ಟೋಕನ್ ಸಿಕ್ಕಿದೆ. ಫೋಲ್ಡರನ್ನು ಹೊರಹಾಕಲಾಗಿದೆ. ಭೇಷ್! ಸಿಕ್ಕ ಟೋಕನ್ ಹೀಗಿದೆ..."

ಅವರು ಅಕ್ಷರ ಅಕ್ಷರವಾಗಿ ಓದತೊಡಗಿದರು. ಹನ್ನೆರಡನೆಯ ಅಕ್ಷರದ ಹತ್ತಿರ ದನಿ ನಿಧಾನವಾಯಿತು. ಇಪ್ಪತ್ತರಲ್ಲಿ ನಿಂತಿತು.

"ಇದು... ಹಳೇದಲ್ವೇನ್ರೀ?"

"ಹೊಸದು ಸಾರ್," ಎಂದ ಜೋಪಾನಯ್ಯ.

ಪರದೆಯ ಮೂಲೆಯಲ್ಲಿ 'ಇಳಿಸಿಕೊಂಡವರು: ಇನ್ನೂರ ಹದಿನಾಲ್ಕು' ಎಂದಿತ್ತು. ನೋಡುತ್ತಿದ್ದಂತೆ ಇನ್ನೂರ ಹದಿನೈದಾಯಿತು. ಅವನಿಗೆ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಕಣ್ಣಮುಂದೆ ಬಂತು, ಅಳು ಒತ್ತರಿಸಿತು.

ವಾರ್ತೆಗೆ ಅಯ್ಯೋ ಎನ್ನಿಸಿರಬೇಕು. ಹತ್ತಿರ ಸರಿದು ಮೆಲ್ಲಗೆ ಹೇಳಿದ: "ಬೇಜಾರು ಮಾಡ್ಕೋಬೇಡ. ನಿನ್ನೆ ಆ ಮೂರು ಸಲ ಇಳಿಸಿಕೊಂಡಿದ್ದು ನಾನೇ, ಟೆಸ್ಟ್ ಮಾಡೋಕೆ. ಅದು ಹೊರಗೆ ಹೋಗೇ ಇರ್ಲಿಲ್ಲ."

ಮ್ಯಾನೇಜರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿನಲ್ಲಿಟ್ಟುಕೊಂಡರು. "ಮೊದ್ಲು ಬೀಗದಕ್ಕನ್ನ ಹಿಡೀರಿ!"

ಕ್ಲಿನಿಕ್ಕಿನ ನಂಬರಿಗಾಗಿ ಜೋಪಾನಯ್ಯ ಜೇಬಿನಿಂದ ಚೀಟಿ ತೆಗೆದ. 'ಬೇರೇನೂ ಮಾಡಬೇಡ' ಎಂಬುದನ್ನು ಇನ್ನೊಮ್ಮೆ ಓದಿ ಚೀಟಿಯನ್ನು ತಿರುಗಿಸಿದ. ಮುಂಬದಿಯಲ್ಲಿ ಡಾಕ್ಟರು ಬರೆದಿದ್ದರು: 'ಎರಡನೆಯ ಹಲ್ಲು, ಇವತ್ತೇ ಸಂಜೆ ಐದಕ್ಕೆ.'