ನನ್ನ ಕಾಲು ಮೂಸಿದ ಕಿವಿ

ಬೆಳೆದ ಮಕ್ಕಳಿಗೆ ಹೇಳಬೇಕೆಂದು ತಾಯಂದಿರು ಒಳಗೊಳಗೇ ತಯಾರಿಸಿಟ್ಟುಕೊಳ್ಳುವ ಭಾಷಣಗಳ ಮೇಲೆ ನನಗೆ ನಂಬಿಕೆ ಹೋಗಿದೆ. ಪಾತ್ರೆ ತೊಳೆಯುವಾಗ ಅವು ಅದ್ಭುತವಾಗಿರುತ್ತವೆ. ಕಾರು ಓಡಿಸುವಾಗ ಇನ್ನೂ ಹರಿತವಾಗುತ್ತವೆ. ಮಗಳ ಪರವಾಗಿ ನಾನೇ ಒಂದು ಕುಂಟು ಉತ್ತರ ಕೊಟ್ಟು, ಅದನ್ನು ನಾನೇ ಖಂಡಿಸಿ, ಆಫೀಸಿನಿಂದ ಸೆಂಟರ್‌ವಿಲ್‌ನ ಮನೆ ಮುಟ್ಟುವಷ್ಟರಲ್ಲಿ ಅವಳು ತಪ್ಪೊಪ್ಪಿಕೊಂಡು ಕಣ್ಣೀರಿಟ್ಟಿರುತ್ತಾಳೆ. ಮಗಳು ನಿಜವಾಗಿ ಎದುರಿಗೆ ಬಂದು ನಿಂತರೆ ಮಾತ್ರ ಬಾಯಿಂದ ಬರುವುದು “ಊಟ ಆಯ್ತಾ?” ಅಷ್ಟೇ.

ನಮ್ಮ ಒಬ್ಬಳೇ ಮಗಳು ಚಿನ್ಮಯಿಗೆ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಒಂದು ವರ್ಷ ಸೀಟು ಕಾಯ್ದಿರಿಸಿ ಎಂದು ಕಾಲೇಜಿಗೆ ಬರೆದು, ಅವಳು ನ್ಯೂಜಿಲೆಂಡಿಗೆ ಹೊರಟಳು. ಆ ದೇಶದ ದಕ್ಷಿಣ ತುದಿಯಲ್ಲಿರುವ ಪುಟ್ಟ ದ್ವೀಪವೊಂದರಲ್ಲಿ ಹಾರಲಾರದ ಕಿವಿ ಹಕ್ಕಿಗಳನ್ನು ಎಣಿಸುವ ಕೆಲಸವಂತೆ. ವರ್ಷವೊಂದು ಹಕ್ಕಿ ಎಣಿಸಿ ಬರಲಿ ಎಂದು ನಾವೂ ಸುಮ್ಮನಿದ್ದೆವು. ಆದರೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಫೋನ್ ಮಾಡಿ ತನಗೆ ಆ ಸೀಟೇ ಬೇಡ, ಇಲ್ಲೇ ಇದ್ದು ಇದನ್ನೇ ಓದುತ್ತೇನೆ ಎಂದುಬಿಟ್ಟಳು. ನನ್ನ ಗಂಡ ಗುರುರಾಜ್ ಹುಬ್ಬಳ್ಳಿಯವರು, ಪಕ್ಕದೂರು ಸ್ಟರ್ಲಿಂಗ್‌ನ ಡೇಟಾ ಸೆಂಟರ್ ಒಂದರಲ್ಲಿ ಎಂಜಿನಿಯರ್. ಅಲ್ಲಿನ ಯಂತ್ರಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವರ ಪಿಸುಮಾತೂ ಮೂರು ಮನೆಗೆ ಕೇಳಿಸುತ್ತದೆ. ಆ ದಿನ ಅವರು ಫೋನ್ ಇಟ್ಟ ಕೂಡಲೇ ವಿಮಾನದ ಟಿಕೆಟ್ ದರ ನೋಡತೊಡಗಿದರು. ಡಿಸೆಂಬರ್ ರಜೆಯಲ್ಲಿ ನಾವಿಬ್ಬರೂ ಹೋಗಿ ಅವಳಿಗೆ ಬುದ್ಧಿ ಹೇಳಿ ಕರೆತರುವುದೆಂದು ತೀರ್ಮಾನವಾಯಿತು.

ವಿಮಾನದುದ್ದಕ್ಕೂ ನಾನು ಭಾಷಣ ತಿದ್ದಿದೆ. ತ್ಯಾಗ ಎಂಬ ಪದ ಬಂದಲ್ಲೆಲ್ಲ ತೆಗೆದು ಕಷ್ಟ ಎಂದು ಹಾಕಿದೆ. “ನೀ ಶುರು ಮಾಡು, ನಾ ಕಡೀಕ ಬರ್ತೀನಿ” ಎಂದು ಗುರುರಾಜ್ ಕಣ್ಣು ಮುಚ್ಚಿದರು. ದೋಣಿ ಇಳಿದಾಗ ಕಟ್ಟೆಯ ಮೇಲೆ ಬಿಸಿಲಿಗೆ ಕಪ್ಪಾದ, ಮೊಣಕಾಲವರೆಗೆ ಕೆಸರಾದ ಹುಡುಗಿಯೊಬ್ಬಳು ಕೈ ಬೀಸುತ್ತಿದ್ದಳು. ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ನಾನು ಊಟ ಆಯ್ತಾ ಎಂದೆ.

ಮರುದಿನ ಸಂಜೆ ನಮ್ಮನ್ನು ಹಕ್ಕಿ ತೋರಿಸಲು ಕರೆದುಕೊಂಡು ಹೋದಳು. ಕಿವಿಗಳು ಸಾಮಾನ್ಯವಾಗಿ ಕತ್ತಲಾದ ಮೇಲೇ ಹೊರಬರುವುದು. ಈ ದ್ವೀಪದವು ಮಾತ್ರ ಬೆಳಕಿರುವಾಗಲೂ ತಿರುಗಾಡುತ್ತವಂತೆ. ಕಾಡಿನ ಬಾಯಲ್ಲಿ ನಿಲ್ಲಿಸಿ ನಿಯಮ ಹೇಳಿದಳು: ಮಾತಾಡುವಂತಿಲ್ಲ, ಹಿಂದೆ ಓಡುವಂತಿಲ್ಲ, ಹಕ್ಕಿ ಬಂದರೆ ಅಲ್ಲಾಡುವಂತಿಲ್ಲ. ಇಪ್ಪತ್ತೆರಡು ವರ್ಷ ನಾನು ಅವಳಿಗೆ ಹೇಳಿದ್ದ ಮಾತುಗಳನ್ನೇ ಅವಳು ನನಗೆ ಹೇಳಿದಂತಿತ್ತು. ನಡೆಯುತ್ತ ನಡೆಯುತ್ತ ಅವಳೇ ಮೆಲ್ಲಗೆ ಇನ್ನೊಂದು ಸಂಗತಿ ತಿಳಿಸಿದಳು. ಬೇರೆ ಕಡೆಯ ಮರಿಗಳು ಬೇಗ ತಮ್ಮ ದಾರಿ ಹಿಡಿಯುತ್ತವೆ, ಇಲ್ಲಿನವು ಬೆಳೆದ ಮೇಲೂ ಎಷ್ಟೋ ವರ್ಷ ಅಪ್ಪ ಅಮ್ಮನ ಜೊತೆಗೇ ಇರುತ್ತವೆ ಎಂದು. ನನ್ನ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೆ? ಬಾಯಿ ತೆರೆದೆ. ಮಗಳು ತುಟಿಯ ಮೇಲೆ ಬೆರಳಿಟ್ಟಳು.

ಸಮುದ್ರದ ಪಕ್ಕ, ಜರೀಗಿಡಗಳ ನಡುವೆ ಕೂತೆವು. ನನ್ನ ಕಾಲು ಜೋಮು ಹಿಡಿಯುವ ಹೊತ್ತಿಗೆ ಗಿಡ ಅಲುಗಿತು. ಬಂದದ್ದು ಹಕ್ಕಿ ಎನ್ನಲು ಮನಸ್ಸು ಒಪ್ಪಲಿಲ್ಲ. ನಾರು ಪೂರ್ತಿ ತೆಗೆಯದ ದೊಡ್ಡ ತೆಂಗಿನಕಾಯಿಗೆ ದಪ್ಪ ಕಾಲೆರಡು, ಉದ್ದ ಕೊಕ್ಕೊಂದು ಸಿಕ್ಕಿಸಿದಂತಿತ್ತು. ಬಾಲ ಇಲ್ಲ, ರೆಕ್ಕೆ ಕಾಣುವುದಿಲ್ಲ. ಮೂಗಿನ ಹೊಳ್ಳೆ ಕೊಕ್ಕಿನ ತುದಿಯಲ್ಲಂತೆ. ಹಾಗಾಗಿ, ಎಲ್ಲೋ ಇಟ್ಟ ಕನ್ನಡಕವನ್ನು ತಡವುತ್ತ ಹುಡುಕುವವರಂತೆ ನೆಲವನ್ನು ಕೊಕ್ಕಿನಿಂದ ತಟ್ಟುತ್ತ, ಮೂಸುತ್ತ, ಆಗಾಗ ಫುಸ್ ಎಂದು ಮೂಗು ಶುದ್ಧಿ ಮಾಡಿಕೊಳ್ಳುತ್ತ ನೇರ ನನ್ನ ಕಡೆಗೇ ಬಂತು. ಮನುಷ್ಯರೆಂಬ ಭಯ ಹೋಗಲಿ, ಮರ್ಯಾದೆಯೂ ಇಲ್ಲ. ನನ್ನ ಶೂ ಮೂಸಿತು. ಲೇಸು ಎಳೆಯಿತು. ಕೊಕ್ಕಿನ ತುದಿಯನ್ನು ಕಾಲುಚೀಲದೊಳಕ್ಕೆ ತೂರಿಸಿ ಏನೋ ವಿಚಾರಿಸಿತು. ಕಚಗುಳಿಗೆ ನನಗೆ ಜೀವ ಹೋಗುವಂತಾಯಿತು. ಆಚೆ ಗುರುರಾಜ್ ಬಾಯಿಗೆ ಕರವಸ್ತ್ರ ತುರುಕಿಕೊಂಡು ಕೆಂಪಗಾಗಿದ್ದರು.

ಸಹಾಯಕ್ಕೆಂದು ಮಗಳ ಕಡೆ ಕಣ್ಣು ಹೊರಳಿಸಿದೆ. ಅವಳು ಹಕ್ಕಿಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಪ್ರಿಸ್ಕೂಲಿನಿಂದ ಬಣ್ಣ ಬಳಿದ ಕಾಗದ ತಂದು ನನ್ನ ಮಡಿಲಲ್ಲಿಟ್ಟು, ಅಮ್ಮನಿಗೆ ಇಷ್ಟವಾಯಿತೋ ಇಲ್ಲವೋ ಎಂದು ಉಸಿರು ಹಿಡಿದು ಮುಖ ನೋಡುತ್ತಿದ್ದಳಲ್ಲ, ಅದೇ ಕಣ್ಣು. ಕಷ್ಟ ಎಂದು ತಿದ್ದಿದ್ದ ವಾಕ್ಯಗಳೆಲ್ಲ ಎಲ್ಲಿ ಹೋದವೋ ತಿಳಿಯದು.

ಕಾಲುಚೀಲದಲ್ಲಿ ಹುಳ ಸಿಗದೆ ಹಕ್ಕಿ ನನ್ನನ್ನು ಬಳಸಿಕೊಂಡು ಕಡಲಕಳೆಯತ್ತ ಹೋಯಿತು. ಮೊದಲು ಮಾತಾಡಿದವರು ಗುರುರಾಜ್, ಅದೂ ನಿಜವಾದ ಪಿಸುದನಿಯಲ್ಲಿ: “ಇನ್ನೊಂದು ಬರ್ತದೇನವಾ? ಕೂಡೋಣೇನು?”

ಮರಳುವಾಗ ಚಿನ್ಮಯಿ ನನ್ನ ಪಕ್ಕಕ್ಕೆ ಬಂದಳು. “ಅಮ್ಮಾ, ನೀನು ಫೋನಲ್ಲಿ ಏನೋ ಟಾಕ್ ಮಾಡ್ಬೇಕು ಅಂದಿದ್ದೆ. ಐ ಆಮ್ ರೆಡಿ. ಹೇಳು.”

“ಹೂಂ,” ಎಂದೆ. “ಇಲ್ಲಿ ಚಳಿಗಾಲಕ್ಕೆ ಸರಿಯಾದ ಸ್ವೆಟರ್ ಇದ್ಯಾ ನಿಂಗೆ?”

ಅವಳು ಕಣ್ಣಿಗೆ ಹುಳ ಬಿತ್ತೆಂದು ಒರೆಸಿಕೊಂಡು, ನನ್ನ ಹೆಗಲ ಬ್ಯಾಗನ್ನು ತಾನು ತೆಗೆದುಕೊಂಡಳು. ಆ ವಾರವೇ ಕಾಲೇಜಿಗೆ ಸೀಟು ಬೇಡವೆಂದು ಬರೆದಳು. ಅಷ್ಟು ಹಕ್ಕಿಪ್ರಿಯರಿರುವ ದ್ವೀಪದಲ್ಲಿ ಕಿವಿ ನನ್ನನ್ನೇ ಆರಿಸಿಕೊಂಡಿತೆಂದು ನಾನು ಮೂರು ಸಲ ಹೇಳಿಕೊಂಡ ಮೇಲೆ, ಅದಕ್ಕೆ ಕಣ್ಣು ಮಂದ, ಅಡ್ಡ ಸಿಕ್ಕಿದ್ದನ್ನೆಲ್ಲ ತಟ್ಟಿ ನೋಡುತ್ತದೆ, ನಿನ್ನನ್ನು ಬಿದ್ದ ಮರ ಅಂದುಕೊಂಡಿರಬೇಕು ಎಂದು ಮಗಳು ಸಮಾಧಾನವಾಗಿ ವಿವರಿಸಿದಳು. ಗುರುರಾಜ್ ನಕ್ಕದ್ದು ಮೂರು ಮನೆಗೆ ಕೇಳಿಸಿರಬೇಕು.

ಉಳಿದದ್ದು ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ತಿಳಿಸುವುದು. ಮೊಮ್ಮಗಳು ಡಾಕ್ಟರಾಗುತ್ತಾಳೆಂದು ಅವರು ಬೀದಿಗೆಲ್ಲ ಸಾರಿದ್ದರು. ಸೆಂಟರ್‌ವಿಲ್‌ಗೆ ವಾಪಸಾದ ಮೇಲೆ ಧೈರ್ಯ ಮಾಡಿ ಫೋನ್ ಹಚ್ಚಿ, ಚಿನ್ಮಯಿ ಇನ್ನು ಪೂರ್ತಿ ಕಿವಿಯ ಕೆಲಸವನ್ನೇ ಮಾಡುತ್ತಾಳಂತೆ ಎಂದೆ.

“ಒಳ್ಳೇದಾಯ್ತು ಬಿಡೇ,” ಎಂದರು ಅಮ್ಮ. “ಹಾರ್ಟು ಗೀರ್ಟು ಅಂದ್ರೆ ಹೊತ್ತುಗೊತ್ತಿಲ್ಲದ ಓಡಾಟ. ಕಿವಿ ಆದ್ರೆ ಆರಾಮ. ನಂಗೂ ಎಡಗಡೆ ಸರಿಯಾಗಿ ಕೇಳಿಸ್ತಿಲ್ಲ. ಬಂದಾಗ ನೋಡ್ಬಿಡ್ಲಿ.”

ಹೇಳು, ಬಿಡಿಸಿ ಹೇಳು ಎಂದು ಗುರುರಾಜ್ ಸನ್ನೆ ಮಾಡುತ್ತಿದ್ದರು. ಅಮ್ಮನ ದನಿಯಲ್ಲಿ ಅಷ್ಟೊಂದು ಖುಷಿಯಿತ್ತು. ಆಗಲಮ್ಮ, ನೋಡುತ್ತಾಳೆ ಎಂದುಬಿಟ್ಟೆ. ಕಳೆದ ವಾರ ಅಮ್ಮ ಪಕ್ಕದ ಮನೆಯವರನ್ನೂ ಎದುರು ಮನೆಯವರನ್ನೂ ಸೇರಿಸಿ ಹೆಸರು ಕೊಟ್ಟಿದ್ದಾರೆ. ನಾನೂ ಬರೆದುಕೊಂಡಿದ್ದೇನೆ.