ಎರಡು ಬೆರಳಿನ ಸಂದು

ಬೆಳಗ್ಗೆ ಎಂಟು ಗಂಟೆಗೆ ಹಲ್ಲುಜ್ಜುತ್ತಾ ಬಾಗಿಲಿಗೆ ಬಂದ ತಿದ್ದುಪಡಿ, ಎದುರಿಗೆ ನಿಂತಿದ್ದ ಮಾವನ ಕಾರನ್ನು ನೋಡಿ ಬಾಯಲ್ಲಿದ್ದ ಪೇಸ್ಟನ್ನು ಗುಳುಂ ಎಂದು ನುಂಗಿಬಿಟ್ಟ. ಕಾರಿನ ಬಾನೆಟ್ ಮುಚ್ಚಿರಲಿಲ್ಲ. ಪೂರ್ತಿ ತೆರೆದೂ ಇರಲಿಲ್ಲ. ಮುಂದುಗಡೆ ಸರಿಯಾಗಿ ಎರಡು ಬೆರಳು ತೂರುವಷ್ಟು ಮೇಲೆದ್ದು, ಏನೋ ಹೇಳಲು ಬಾಯಿ ತೆರೆದು ಮಾತು ಮರೆತವರ ಹಾಗೆ ನಿಂತಿತ್ತು.

ತಿದ್ದುಪಡಿ ಎಂಬುದು ಬೀದಿಯವರು ಇಟ್ಟ ಹೆಸರು. ಅಚ್ಚುಮನೆಯಲ್ಲಿ ಕರಡು ತಿದ್ದುವುದು ಅವನ ಕೆಲಸ. ದಿನವಿಡೀ ತಿದ್ದಿದ ಮೇಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಔಷಧಿ ಬಾಟಲಿಯ ಚೀಟಿಯನ್ನೂ ಕೆಂಪು ಪೆನ್ನು ಹಿಡಿದೇ ಓದುತ್ತಿದ್ದ. ಗೋಡೆಯ ಪಟ ಒಂದು ಕೂದಲೆಳೆ ಓರೆಯಾಗಿದ್ದರೂ ಅವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಈಗ ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ಬಿಟ್ಟು, ಅಳಿಯಂದಿರಿಗೂ ಕಾಣದ ಹಾಗೆ ಅದಕ್ಕೆ ಹೊದಿಕೆ ಹಾಕಿ ನಿಲ್ಲಿಸಿದ್ದರು. ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಕಾರು ಕೊಡುವುದೆಂದು ತೀರ್ಮಾನಿಸಿ, ಇಬ್ಬರಿಗೂ ಒಂದೊಂದು ದಿನದ ಪರೀಕ್ಷೆ ಇಟ್ಟರು. ಹೋದ ವಾರ ಹಿರಿಯಳಿಯ ಕಾರನ್ನು ತೊಳೆದು ಒರೆಸಿ ಫಳಫಳ ಹೊಳೆಸಿ ವಾಪಸ್ ಕೊಟ್ಟಿದ್ದ. ಮಾವ ಒಳಗೆ ಕೂತು, "ನನ್ನ ಕನ್ನಡಿ ತಿರುಗಿಸಿದ್ದು ಯಾರು?" ಎಂದು ಕೇಳಿದರು. ಅವನ ಕಥೆ ಅಲ್ಲಿಗೆ ಮುಗಿಯಿತು. ನಿನ್ನೆ ಮುಸ್ಸಂಜೆ ತಿದ್ದುಪಡಿಯ ಕೈಗೆ ಕೀಲಿ ಕೊಡುವಾಗಲೂ ಅವರು ಆಡಿದ್ದು ಒಂದೇ ಮಾತು. "ನಾಳೆ ಸಂಜೆ ಆರಕ್ಕೆ ಗಾಡಿ ಹೇಗಿದೆಯೋ ಹಾಗೆ ವಾಪಸ್ ಬರಬೇಕು."

ಕಾರು ತಿದ್ದುಪಡಿಗೆ ಬೇಕಾದದ್ದು ಶೋಕಿಗಲ್ಲ. ಹೆಂಡತಿಗೆ ಏಳು ತಿಂಗಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬೆಳಗ್ಗೆ ಆರಕ್ಕೆ ಹೊರಟು ಒಂದು ಗಂಟೆ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದಳು. ಇವತ್ತು ಕೂಡ ಅವಳು, "ಪರೀಕ್ಷೆ ಮುಗಿಯೋವರೆಗೂ ಗಾಡಿ ಮುಟ್ಟಬೇಡಿ. ನಾನು ಡ್ಯೂಟಿ ಮುಗಿಸಿ ಸೀದಾ ಅಪ್ಪನ ಮನೆಗೇ ಬರ್ತೀನಿ," ಎಂದು ಹೇಳಿ ಬಸ್ಸಿಗೇ ಹೋಗಿದ್ದಳು. ಲ್ಯಾಬಿನಲ್ಲಿ ಅವಳ ಫೋನು ಬೀರುವಿನೊಳಗೆ ಇರುತ್ತಿತ್ತು. ಸಂಜೆಯ ತನಕ ಸಿಕ್ಕುವ ಹಾಗಿರಲಿಲ್ಲ.

ನಿನ್ನೆ ಬರುವಾಗ ರಸ್ತೆಯ ಉಬ್ಬೊಂದು ಕಾಣದೆ ಕಾರು ಧಡಕ್ಕನೆ ಹಾರಿದ್ದು ತಿದ್ದುಪಡಿಗೆ ನೆನಪಾಯಿತು. ಆಗಲೇ ಆಗಿದೆ ಇದು, ನನ್ನಿಂದಲೇ ಆಗಿದೆ ಎಂದುಕೊಂಡ. ಬಾಯಿ ಮುಕ್ಕಳಿಸುವುದನ್ನೂ ಬಿಟ್ಟು ಓಡಿಹೋಗಿ ಎರಡು ಕೈಯಲ್ಲೂ ಬಾನೆಟ್ ಅದುಮಿದ. ಕೆಳಗೆ ಹೋಯಿತು. ಕೈ ತೆಗೆದ. ಮೇಲೆ ಬಂತು. ಅಚ್ಚುಮನೆಗೆ ರಜೆ ಹೇಳಿ, ಮತ್ತೆ ಅದುಮಿದ.

"ಬಾನೆಟ್ಟಿಗೆ ಯಾಕ್ರೀ ಮಾಲೀಸು ಮಾಡ್ತಾ ಇದೀರಾ?" ಎಂದು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಗೇಟು ದಾಟಿ ಬಂದ. ವಿಷಯ ಕೇಳಿ ನಕ್ಕ. "ಮೂವತ್ತೆರಡು ವರ್ಷ ಬಸ್ ಓಡಿಸಿದೀನಿ. ಇದ್ಯಾವ ಲೆಕ್ಕ? ಮೇಲಿಂದ ಬಿಡಬೇಕು ಅಷ್ಟೆ."

ಸಂದಿಗೆ ಬೆರಳು ತೂರಿಸಿದ. ಬಾನೆಟ್ ಸಲೀಸಾಗಿ ಎದ್ದಿತು. ಎದೆಯೆತ್ತರಕ್ಕೆ ಎತ್ತಿ ಧಡ್ ಎಂದು ಬಿಟ್ಟ. ಮೂರು ಮನೆಯ ಕಿಟಕಿಗಳು ತೆರೆದವು, ಬಾನೆಟ್ ಮಾತ್ರ ಮುಚ್ಚಲಿಲ್ಲ.

ಸದ್ದು ಕೇಳಿ ಎದುರಂಗಡಿಯ ದರ್ಜಿ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ಹಿಡಿದು ಬಂದ. "ಸಣ್ಣ ಯಂತ್ರ ಆದ್ರೇನು, ದೊಡ್ಡ ಯಂತ್ರ ಆದ್ರೇನು, ಎಲ್ಲಾದಕ್ಕೂ ಎಣ್ಣೆನೇ ಮದ್ದು," ಎಂದು ಕೊಕ್ಕೆಗೂ ಕೀಲುಗಳಿಗೂ ಸುರಿದ. ಈ ಸಲ ಬಾನೆಟ್ ಸದ್ದಿಲ್ಲದೆ ಬಿತ್ತು, ಸದ್ದಿಲ್ಲದೆ ಎರಡು ಬೆರಳು ಎದ್ದಿತು.

ಮಹಡಿಯ ಮೇಲಿನ ಆಂಟಿ ಬಟ್ಟೆ ಒಣಹಾಕುತ್ತಾ ಕೇಳಿದರು. "ಇಷ್ಟೆಲ್ಲಾ ಯಾಕೆ? ನಿಮ್ಮ ಮಾವನಿಗೇ ಒಂದು ಫೋನ್ ಮಾಡಿ ಕೇಳಬಾರದಾ?"

ಮೂವರೂ ಅವರನ್ನು ದುರುದುರು ನೋಡಿದರು. "ಕೇಳಿದ್ರೆ ಕಾರು ಹೋಯ್ತು ಅಂತಲೇ ಲೆಕ್ಕ," ಎಂದ ತಿದ್ದುಪಡಿ. ಆಂಟಿ ಮುಖ ಸಿಂಡರಿಸಿಕೊಂಡು ಒಳಗೆ ಹೋದರು.

ಡ್ರೈವರ್ ಕಾರಿನೊಳಗೆ ತಲೆ ಹಾಕಿ, "ಬಾನೆಟ್ ತೆಗೆಯೋ ಹಿಡಿ ಇದ್ಯಾಕೋ ಲೊಡಲೊಡ ಅಂತಿದೆಯಲ್ಲ," ಎಂದ.

"ಅದು ಆಮೇಲೆ ನೋಡೋಣ. ತೆಗೆಯೋದಲ್ಲ ನಮ್ಮ ಕಷ್ಟ, ಮುಚ್ಚೋದು," ಎಂದ ತಿದ್ದುಪಡಿ.

ಸಂಜೆ ನಾಲ್ಕರ ಹೊತ್ತಿಗೆ ಹಗ್ಗ ಕಟ್ಟಿ ನೋಡಿದ್ದಾಯಿತು, ಕಲ್ಲು ಹೇರಿ ನೋಡಿದ್ದಾಯಿತು. ಕೊನೆಗೆ ಡ್ರೈವರ್, ಮನುಷ್ಯರ ಭಾರವೇ ಬೇಕು ಎಂದ. ದರ್ಜಿ ತೆಳ್ಳಗಿದ್ದ, ಅವನಿಂದ ಏನೂ ಆಗಲಿಲ್ಲ. ಡ್ರೈವರ್ ತೆಳ್ಳಗಿರಲಿಲ್ಲ. ಅವನು ಹಿಂದಕ್ಕೆ ಸರಿದು, ಪಂಚೆ ಬಿಗಿ ಮಾಡಿಕೊಂಡು, ತನ್ನ ಹಳೆಯ ಸೀಟಿನಲ್ಲಿ ಕೂರುವ ಹಾಗೆ ಬಾನೆಟ್ಟಿನ ನಟ್ಟನಡುವೆ ಕೂತ. ಬುಳುಕ್ ಎಂದಿತು. ಎದ್ದು ನೋಡಿದರೆ, ಅವನು ಕೂತಲ್ಲಿ ಅವನದೇ ಅಳತೆಯ ಹೊಂಡ.

ತಿದ್ದುಪಡಿ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಾವನ ಮುಖ, ಬಸ್ಸಿನ ಕಂಬ ಹಿಡಿದು ನಿಂತ ಹೆಂಡತಿಯ ಮುಖ, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಡ್ರೈವರ್ ಕೂಡ ದಂಗಾಗಿ ನಿಂತಿದ್ದ.

"ಒಳಗಿಂದ ಗುದ್ದಿದ್ರೆ ಎದ್ದು ಬರತ್ತೆ," ಎಂದು ಮಹಡಿಯಿಂದ ಆಂಟಿಯ ದನಿ ಬಂತು. ಹಿಂದೆಯೇ ಲಟ್ಟಣಿಗೆಯೂ ಬಂತು.

ಬಾನೆಟ್ ಎತ್ತಿದರು. ಒಳಮೂಲೆಗಳಲ್ಲೆಲ್ಲ ಮಸಿ ಕತ್ತಲೆ. ತಿದ್ದುಪಡಿ ತನ್ನ ಮೊಬೈಲಿನ ಟಾರ್ಚ್ ಹಚ್ಚಿ ಬ್ಯಾಟರಿಯ ಪಕ್ಕಕ್ಕೆ ಒರಗಿಸಿ ನಿಲ್ಲಿಸಿದ. ಡ್ರೈವರ್ ಲಟ್ಟಣಿಗೆಯಿಂದ ಗುದ್ದಿದ. ಮೂರನೆಯ ಏಟಿಗೆ ಹೊಂಡ ಟಣ್ ಎಂದು ಮೇಲೆದ್ದು, ಅಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಸಮವಾಯಿತು. ತಿದ್ದುಪಡಿಗೆ ಹೋದ ಜೀವ ಬಂತು. ಅದೇ ಗಳಿಗೆಯಲ್ಲಿ ಟಾರ್ಚಿನ ಬೆಳಕಿನಲ್ಲಿ, ಬೀಗದ ಪಕ್ಕದಲ್ಲಿ, ಜಿಡ್ಡು ಮೆತ್ತಿ ಕಪ್ಪಾದ ಹೆಬ್ಬೆರಳುದ್ದದ ಮರದ ತುಂಡೊಂದು ಅವನ ಕಣ್ಣಿಗೆ ಬಿತ್ತು.

"ಸಿಕ್ತು," ಎಂದ, ಇನ್ನೂರು ಪುಟ ದಾಟಿ ಬಂದಿದ್ದ ತಪ್ಪೊಂದು ಕೈಗೆ ಸಿಕ್ಕ ಖುಷಿಯಲ್ಲಿ.

"ಕಾರಿನ ಕಂಪನಿಯವರು ಮರ ಇಡ್ತಾರೇನ್ರೀ? ಎಲ್ಲಿಂದಲೋ ಬಂದು ಸೇರಿಕೊಂಡಿದೆ," ಎಂದ ಡ್ರೈವರ್. ಎಲ್ಲಿಂದಲೋ ಬಂದು ಸೇರಿಕೊಂಡಿದ್ದಕ್ಕೆ ಎರಡು ಸ್ಕ್ರೂ ಬಿಗಿದಿತ್ತು. ಅವನ್ನೂ ಬಿಚ್ಚಿದರು. ತಿದ್ದುಪಡಿ ಮರದ ತುಂಡನ್ನು ಜೇಬಿಗೆ ಹಾಕಿಕೊಂಡ. ಡ್ರೈವರ್ ಬಾನೆಟ್ ಬಿಟ್ಟ.

ಟಪ್.

ಒಂದು ಹಾಳೆ ತೂರುವಷ್ಟೂ ಸಂದಿರಲಿಲ್ಲ. ದರ್ಜಿ ತನ್ನ ಟೇಪು ಹಿಡಿದು ಎಡಬಲ ಅಳೆದು, ನೂಲಿನಷ್ಟೂ ವ್ಯತ್ಯಾಸವಿಲ್ಲ ಎಂದ. ಗಂಟೆ ಐದೂಕಾಲಾಗಿತ್ತು. ತಿದ್ದುಪಡಿ ಗಡಿಬಿಡಿಯಲ್ಲಿ ಅಂಗಿ ಬದಲಿಸಿ, ಮರದ ತುಂಡನ್ನು ಹೊಸ ಜೇಬಿಗೆ ಹಾಕಿ, ಹೊರಟೇಬಿಟ್ಟ.

"ಆರೂಕಾಲಿಗೆ ಫೋನ್ ಮಾಡ್ತೀನಿ. ಶುಭ ಸುದ್ದಿ ಹೇಳ್ಬೇಕು," ಎಂದು ಡ್ರೈವರ್ ಹಿಂದಿನಿಂದ ಕೂಗಿದ.

ಆರಕ್ಕೆ ಎರಡು ನಿಮಿಷ ಇರುವಾಗ ಕಾರು ಮಾವನ ಮನೆ ಮುಂದೆ ನಿಂತಿತು. ಹೆಂಡತಿ ಆಗಲೇ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಲು ಊದಿದ್ದವು. ಮಾವ ಕೋಲು ಹಿಡಿದು ಇಳಿದು ಬಂದರು. ಸೀಟು ನೋಡಿದರು. ಕನ್ನಡಿ ನೋಡಿದರು. ನಾಲ್ಕು ಚಕ್ರಕ್ಕೂ ಕೋಲಿನಿಂದ ತಟ್ಟಿದರು. ತಲೆಯಾಡಿಸಿದರು. ತಿದ್ದುಪಡಿ ಹೆಂಡತಿಯ ಕಡೆ ನೋಡಿ ಕಣ್ಣಲ್ಲೇ ನಕ್ಕ.

ಮಾವ ಮುಂದುಗಡೆ ಬಂದು ಎರಡು ಬೆರಳು ಚಾಚಿದರು. ಬೆರಳು ತಗಡಿಗೆ ತಗುಲಿ ನಿಂತವು. ಅವರ ಮುಖದ ಬಣ್ಣ ಹೋಯಿತು.

"ಬಾನೆಟ್ ಮುಚ್ಚಿದ್ದು ಯಾರು?"

"ನಾನೇ ಮಾವ," ಎಂದ ತಿದ್ದುಪಡಿ ಬೀಗುತ್ತಾ. ಮರದ ತುಂಡನ್ನು ತೆಗೆದು ಅವರ ಅಂಗೈಯಲ್ಲಿಟ್ಟ. "ಇದು ಒಳಗೆ ಸಿಕ್ಕಿಹಾಕಿಕೊಂಡಿತ್ತು. ನಿಮಗೆ ಗೊತ್ತೇ ಆಗಿಲ್ಲ ಅನ್ಸತ್ತೆ."

ಮಾವ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. "ತೆಗಿ," ಎಂದರು.

ತಿದ್ದುಪಡಿ ಒಳಗೆ ಬಾಗಿ ಹಿಡಿ ಎಳೆದ. ಹಿಡಿ ಕೈಗೇ ಬಂತು. ಅದರ ತುದಿಯಲ್ಲಿ ಗೇಣುದ್ದದ ತುಕ್ಕು ತಂತಿ ನೇತಾಡುತ್ತಿತ್ತು. ಅದರಾಚೆ ಏನೂ ಇರಲಿಲ್ಲ.

"ತಂತಿ ತುಂಡಾಗಿ ಒಂಬತ್ತು ವರ್ಷ ಆಯ್ತು. ಈ ಮಾಡೆಲ್ಲಿಗೆ ಬೇರೆ ತಂತಿ ಎಲ್ಲೂ ಸಿಗಲ್ಲ," ಎಂದರು ಮಾವ. "ಒಂದ್ಸಲ ಮುಚ್ಚಿದ್ರೆ ಮತ್ತೆ ತೆಗೆಯೋ ಹಾಗಿಲ್ಲ ಅಂತ ನಾನೇ ಮರ ಕೆತ್ತಿ, ಅಳತೆ ನೋಡಿ ಕೂರಿಸಿದ್ದೆ. ಎರಡು ಬೆರಳು. ಹೇಗಿದೆಯೋ ಹಾಗೆ ಅಂದಿದ್ದೆನಲ್ಲಪ್ಪಾ."

"ನಾನು ಕಾಲೇಜಿಗೆ ಹೋಗೋವಾಗಿಂದ ಅದು ಹಾಗೇ ಇದೆಯಲ್ರೀ," ಎಂದಳು ಹೆಂಡತಿ. "ಈಗ ಸಂಜೆ ಒಂದು ಫೋನ್ ಮಾಡಿದ್ರೆ ಹೇಳ್ತಿರ್ಲಿಲ್ವಾ?"

ಫೋನ್ ಎಂದಾಗ ತಿದ್ದುಪಡಿಯ ಕೈ ಜೇಬಿಗೆ ಹೋಯಿತು. ಆ ಜೇಬು ಖಾಲಿ. ಈ ಜೇಬೂ ಖಾಲಿ. ಅವನ ಪರದಾಟ ನೋಡಿ ಹೆಂಡತಿ ತನ್ನ ಫೋನಿನಿಂದ ಕರೆ ಮಾಡಿದಳು. ಬಾನೆಟ್ಟಿನ ಒಳಗಿಂದ ಟ್ರಿಣ್ ಟ್ರಿಣ್ ಎಂದು ಬಲು ಇಂಪಾಗಿ ಕೇಳಿಸಿತು. ತಿದ್ದುಪಡಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

ಮಾವ ಕಾರಿನಿಂದ ಕೀಲಿ ತೆಗೆದುಕೊಂಡರು. ಆಮೇಲೆ ಕೀಲಿಯನ್ನು ಅವನ ಕೈಗೇ ವಾಪಸ್ ಇಟ್ಟರು. "ತಗೋ. ಗಾಡಿ ನಿನ್ನದೇ."

ತಿದ್ದುಪಡಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಫೋನು ಹೋದರೆ ಹೋಗಲಿ, ಬಾನೆಟ್ ತೆರೆಯದಿದ್ದರೆ ಬಿಡಲಿ, ನಾಳೆಯಿಂದ ಇವಳು ಕೂತು ಹೋಗುತ್ತಾಳಲ್ಲ ಎಂದು ಅವನ ಕಣ್ಣು ತುಂಬಿ ಬಂತು. ಮಾವನ ಕಾಲಿಗೆ ಬಗ್ಗಿದ.

"ಒಂದು ಮಾತು," ಎಂದರು ಮಾವ ಮೇಲಿನಿಂದ. "ರೇಡಿಯೇಟರ್ ಸೋರತ್ತೆ. ಹದಿನೈದು ಕಿಲೋಮೀಟರಿಗೆ ಒಂದು ತಂಬಿಗೆ ನೀರು ಕೇಳತ್ತೆ. ದಾರಿಯಲ್ಲಿ ನಿಲ್ಲಿಸಿ, ಬೆರಳು ಹಾಕಿ ಬಾನೆಟ್ ಎತ್ತಿ ಹುಯ್ದ್ರೆ ಆಯ್ತು." ಮುಚ್ಚಿದ ಬಾನೆಟ್ಟಿನ ಕಡೆ ನೋಡಿ, "ಆಗ್ತಾ ಇತ್ತು," ಎಂದರು. "ನಿಮ್ಮನೆಗೆ ಹೋಗಿ ಬರೋಕೆ ಎಷ್ಟು?"

"ಹದಿನಾಲ್ಕೂವರೆ," ಎಂದ ತಿದ್ದುಪಡಿ, ಬಗ್ಗಿದಲ್ಲಿಂದಲೇ.

ಬಾನೆಟ್ಟಿನ ಅಂಚಿನಿಂದ ಸಣ್ಣಗೆ ಹಬೆ ಏಳತೊಡಗಿತ್ತು. ಆರೂಕಾಲಿಗೆ ಸರಿಯಾಗಿ ಒಳಗೆ ಮತ್ತೆ ಟ್ರಿಣ್ ಟ್ರಿಣ್ ಶುರುವಾಯಿತು. ನಿಂತಿತು, ಮತ್ತೆ ಬಂತು.

"ಎತ್ತೋ," ಎಂದರು ಮಾವ. "ಪಾಪ, ಯಾರೋ ಕಾಯ್ತಾ ಇದಾರೆ."

ಹೆಂಡತಿ ನಿಧಾನವಾಗಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಬನ್ನಿ," ಎಂದಳು, "ಆರೂವರೆ ಬಸ್ಸಿಗೆ ಹೋದ್ರೆ ಕೂರೋಕೆ ಜಾಗ ಸಿಗಬಹುದು."

ಸಿಗಲಿಲ್ಲ.