ಒಂಬತ್ತನೆಯ ಕಂಬ

ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿದ್ದ ಆ ಹಳೆಯ ಕಲ್ಯಾಣ ಮಂಟಪದಲ್ಲಿ ಒಟ್ಟು ಮೂವತ್ತೊಂದು ವಾಲ್ವುಗಳಿದ್ದವು. ಯಾವುದನ್ನು ತಿರುಗಿಸಿದರೆ ಎಲ್ಲಿ ನೀರು ಬೀಳುತ್ತದೆಂಬುದು ಭಗವಂತನಿಗೂ ಮೇಲ್ವಿಚಾರಕ ಆಂಜಿನಯ್ಯನವರಿಗೂ ಮಾತ್ರ ತಿಳಿದಿತ್ತು. ಭಗವಂತನು ಎಂದೂ ರಜೆ ಕೇಳಿದವನಲ್ಲ. ಆಂಜಿನಯ್ಯನವರು ಕೇಳಿದರು, ತೊಂದರೆ ಹುಟ್ಟಿದ್ದು ಅಲ್ಲಿಂದ.

ಕೇಳಿದ್ದಾದರೂ ಹೆಚ್ಚೇನಲ್ಲ. ಮುಂದಿನ ತಿಂಗಳು ಕಿರಿಯ ಮಗಳು ಜ್ಯೋತಿಲಕ್ಷ್ಮಿಯ ಮದುವೆಗೆ ಮೂರು ದಿನ. ಇಪ್ಪತ್ತಾರು ವರ್ಷ ಮದುವೆಗಳ ನಡುವೆಯೇ ಬಾಳಿದ ಆ ಮನುಷ್ಯ ಅಲ್ಲಿ ಒಂದೇ ಒಂದು ಮಾಂಗಲ್ಯಧಾರಣೆಯನ್ನೂ ಕಣ್ಣಾರೆ ಕಂಡಿರಲಿಲ್ಲ. ಹಿರಿಯ ಮಗಳ ಮದುವೆ ಇದೇ ಮಂಟಪದಲ್ಲಿ ನಡೆದಿತ್ತು. ಧಾರೆ ಎರೆದ ನೀರು ಅಂಗೈಯಲ್ಲಿ ಆರುವ ಮುನ್ನವೇ, ಅಡುಗೆಮನೆಯಲ್ಲಿ ನೀರು ನಿಂತಿತೆಂಬ ಕೂಗು ಬಂದು ಅವರು ಓಡಬೇಕಾಯಿತು. ಗಟ್ಟಿಮೇಳ ಮೊಳಗಿದಾಗ ಅವರಿದ್ದದ್ದು ಮೋಟಾರಿನ ಕೋಣೆಯಲ್ಲಿ. ಮುಷ್ಟಿಯಲ್ಲಿದ್ದ ಅಕ್ಷತೆಯನ್ನು ಏನು ಮಾಡಬೇಕೆಂದು ತೋಚದೆ ಮೋಟಾರಿನ ಮೇಲೆಯೇ ಹಾಕಿದರು. ಆ ಆಶೀರ್ವಾದದ ಬಲದಿಂದಲೋ ಏನೋ, ಮೋಟಾರು ಇಂದಿಗೂ ಕೆಟ್ಟಿಲ್ಲ. ಆದಕಾರಣವೇ ಕಿರಿಯವಳ ಮದುವೆಯನ್ನು ಅವರು ಬೇಕೆಂದು ದೂರದ ಮಲ್ಲೇಶ್ವರದ ಒಂದು ಪುಟ್ಟ ಸಭಾಂಗಣದಲ್ಲಿ ನಿಶ್ಚಯಿಸಿದ್ದರು.

ಆದರೆ ಅದೇ ದಿನ ಮಂಟಪದ ಕೆಳಗಿನ ಹಾಲಿನಲ್ಲಿ ಸಾವಿರ ಎಲೆಯ ಮದುವೆಯೊಂದು ಗೊತ್ತಾಗಿತ್ತು. ಅಧ್ಯಕ್ಷ ದೊಡ್ಡಬೈರಪ್ಪನವರು ಕಠಿಣ ಹೃದಯದವರಲ್ಲ. ಆದರೆ ಹಿಂದಿನ ವರ್ಷ ಜ್ವರವೆಂದು ಆಂಜಿನಯ್ಯನವರು ಅರ್ಧ ದಿನ ಮಲಗಿದ್ದಾಗ, ಬದಲಿಗೆ ಬಂದವನು ತಪ್ಪು ವಾಲ್ವು ತಿರುಗಿಸಿ ವಧುವಿನ ಕೋಣೆಯಲ್ಲಿ ರೇಷ್ಮೆ ಸೀರೆಗಳು ಕಮಲದೆಲೆಗಳಂತೆ ತೇಲಿದ್ದನ್ನು ಅವರು ಮರೆತಿರಲಿಲ್ಲ. ಕಟ್ಟಡದ ಮೂಲ ನಕ್ಷೆಯನ್ನು ಗೆದ್ದಲು ಎಂದೋ ಓದಿ ಮುಗಿಸಿತ್ತು.

“ಹೊಸ ನಕ್ಷೆ ಒಂದು ಕೈಗೆ ಬರ್ಲಿ ಆಂಜಿನಯ್ಯನವ್ರೇ. ಮೂರು ದಿನ ಯಾಕೆ, ಐದು ದಿನ ಹೋಗ್ಬನ್ನಿ” ಎಂದರು ಅವರು.

ಲೇಸರ್ ಕಿರಣದಿಂದ ಕಟ್ಟಡವನ್ನು ಅಳೆದು, ನಲ್ಲಿ, ಕೊಳವೆ, ತಂತಿಗಳನ್ನೆಲ್ಲ ನಕ್ಷೆಗೆ ಇಳಿಸುವ ಎರಡು ಸಂಸ್ಥೆಗಳಿಗೆ ಕರೆ ಹೋಯಿತು. ಒಂದೇ ದಿನ ಇಬ್ಬರೂ ಬಂದು ತಮ್ಮ ತಮ್ಮ ವಿಧಾನವನ್ನು ತೋರಿಸಬೇಕು. ಸಂಜೆ ಐದಕ್ಕೆ ನಕ್ಷೆಗಳನ್ನು ಮುಂದಿಡಬೇಕು. ಯಾವುದು ನಿಜವೆಂದು ಆಂಜಿನಯ್ಯನವರು ಹೇಳಬೇಕು. ತಮ್ಮ ಬಿಡುಗಡೆಯ ಪತ್ರಕ್ಕೆ ತಾವೇ ಸಾಕ್ಷಿಯಾಗುವ ಆ ದಿನ ಅವರು ಬಿನ್ನಿಪೇಟೆಯ ಮನೆಯಿಂದ ಅರ್ಧ ಗಂಟೆ ಮೊದಲೇ ಹೊರಟರು.

ಬೆಳಿಗ್ಗೆ ಬಂದವನು ಶಶಿಕಿರಣ್. ಅವನ ಯಂತ್ರ ಮುಕ್ಕಾಲಿಯ ಮೇಲೆ ನಿಲ್ಲುವಂಥದು. ಒಂದೆಡೆ ಅಚಲವಾಗಿ ನಿಂತು, ಮೂರು ನಿಮಿಷ ತಲೆಯನ್ನು ಮಾತ್ರ ಸುತ್ತಲೂ ತಿರುಗಿಸಿ, ಕಂಡದ್ದನ್ನೆಲ್ಲ ಕೂದಲೆಳೆಯಷ್ಟೂ ತಪ್ಪದಂತೆ ಗ್ರಹಿಸಿ, ಅನಂತರ ಮುಂದಿನ ಜಾಗಕ್ಕೆ ಹೋಗುವುದು ಅದರ ಕ್ರಮ. ತಪಸ್ವಿಯ ದಾರಿ. ತಪಸ್ಸಿಗೆ ಭಂಗ ಬರಬಾರದು. ಎದುರಿಗೆ ಯಾರಾದರೂ ಓಡಾಡಿದರೆ ಚಿತ್ರದಲ್ಲಿ ಮಸಿ ಬಳಿದಂತೆ ಗೀಟು ಮೂಡುತ್ತದೆ.

“ಯಾರೂ ಅಡ್ಡ ಬರದೇ ಇದ್ರೆ ಸಾಕು ಸಾರ್. ಮಿಕ್ಕಿದ್ದು ಮಿಷನ್ ನೋಡ್ಕೊಳ್ಳತ್ತೆ” ಎಂದು ಶಶಿಕಿರಣ್ ಹೊರಗೆ ಹೋಗಿ ನಿಂತ.

ಆ ಮಾತನ್ನು ಆಂಜಿನಯ್ಯನವರು ದೀಕ್ಷೆಯಂತೆ ಸ್ವೀಕರಿಸಿದರು. ಅವನು ಯಂತ್ರವನ್ನು ಯಾವ ಕೋಣೆಗೆ ಒಯ್ದಿಟ್ಟರೂ ಅದರ ಬಾಗಿಲಲ್ಲಿ ದ್ವಾರಪಾಲಕನಂತೆ ನಿಂತು, ಅದು ತಿರುಗಿ ಮುಗಿಯುವವರೆಗೆ ಉಸಿರನ್ನೂ ಅಳೆದು ಬಿಟ್ಟರು. ಮೇಲಿನ ಹಾಲಿನಲ್ಲಿ ವೇದಿಕೆಯ ಪಕ್ಕದ ಪರದೆ ಗಾಳಿಗೆ ಹಾರಾಡುತ್ತಿತ್ತು. ಅದನ್ನು ಮೈಗೆ ಸುತ್ತಿಕೊಂಡು ಅಲ್ಲಿಯೇ ಸೆಟೆದು ನಿಂತರು. ನೊಣವೊಂದು ಮೂಗಿನ ಮೇಲೆ ಕುಳಿತು ತನ್ನ ಕೈಕಾಲು ತೊಳೆದುಕೊಂಡು ಹೋಯಿತು, ಅವರು ಅಲುಗಲಿಲ್ಲ.

ತೊಡಕು ಬಂದದ್ದು ಅಡುಗೆಮನೆಯಲ್ಲಿ. ಅಲ್ಲಿನ ಒಡತಿ ದ್ರೌಪದಮ್ಮ, ಮೂವತ್ತು ವರ್ಷಗಳಿಂದ ಸೌಟನ್ನೇ ರಾಜದಂಡವಾಗಿ ಹಿಡಿದವರು. ಹೊಳೆಯುವ ಪಾತ್ರೆಗಳು ಲೇಸರ್ ಕಿರಣವನ್ನು ದಿಕ್ಕು ತಪ್ಪಿಸಿ, ಇಲ್ಲದ ಕೊಳವೆಯನ್ನು ಇರುವಂತೆ ತೋರಿಸುತ್ತವೆಂದು ಶಶಿಕಿರಣ್ ಹೇಳಿದ್ದೇ ತಡ, ಆಂಜಿನಯ್ಯನವರು ಕೈಗೆ ಸಿಕ್ಕ ಬಟ್ಟೆಗಳನ್ನೆಲ್ಲ ತಂದು ಕೊಪ್ಪರಿಗೆಗಳಿಗೆ ಹೊದಿಸಿದರು. ಕೈಗೆ ಸಿಕ್ಕವುಗಳಲ್ಲಿ ದ್ರೌಪದಮ್ಮ ಹಿತ್ತಿಲಲ್ಲಿ ಒಣಹಾಕಿದ್ದ ಸೀರೆಯೂ ಒಂದು. ಅದನ್ನು ಬಿಡಿಸಿಕೊಳ್ಳಲು ಆಕೆ ಎರಡು ಬಾರಿ ಒಳಗೆ ನುಗ್ಗಿದರು; ಎರಡು ಬಾರಿಯೂ ಯಂತ್ರ ಮೊದಲಿನಿಂದ ತಿರುಗಬೇಕಾಯಿತು.

“ನಡೆದ್ರೂ ತಪ್ಪು, ಹೊಳೆದ್ರೂ ತಪ್ಪು. ಇದೇನಣ್ಣ, ಮಿಷನ್ನೋ ನಮ್ಮತ್ತೆಯೋ?” ಎಂದರು ದ್ರೌಪದಮ್ಮ.

“ಇನ್ನು ಮೂರು ನಿಮಿಷ ಸುಮ್ನಿರಕ್ಕ. ನನ್ ಮಗಳ ತಾಳಿ ಇದರ ಮೇಲಿದೆ” ಎಂದರು ಆಂಜಿನಯ್ಯನವರು, ತುಟಿ ಅಲುಗದಂತೆ.

ಆಕೆ ಸುಮ್ಮನಾದರು. ಆ ಅಡುಗೆಮನೆಯಲ್ಲಿ ಅಂಥ ಮೌನ ಗ್ರಹಣಕಾಲದಲ್ಲೂ ಇದ್ದದ್ದಿಲ್ಲ.

ಮಧ್ಯಾಹ್ನ ಬಂದವಳು ದೀಪ್ತಿ. ಅವಳ ಯಂತ್ರ ಕೈಯಲ್ಲಿ ಹಿಡಿದು ನಡೆಯುವಂಥದು. ಒಂದು ಜಾಗದಿಂದ ಹೊರಟು, ಇಡೀ ಕಟ್ಟಡವನ್ನು ಸುತ್ತಿ, ಹೊರಟ ಜಾಗಕ್ಕೇ ಮರಳಬೇಕು. ನಡುವೆ ನಾಲ್ಕು ಬೆರಳಷ್ಟು ದಾರಿ ತಪ್ಪಿದ್ದರೆ ಹಾಗೆ ಮರಳಿದಾಗ ತಾನೇ ತಿದ್ದಿಕೊಳ್ಳುತ್ತದೆ. ಪ್ರದಕ್ಷಿಣೆ ಪೂರ್ಣವಾಗದೆ ಫಲವಿಲ್ಲವೆಂಬ ನಮ್ಮ ಹಿರಿಯರ ಮಾತು ಯಂತ್ರಕ್ಕೂ ತಿಳಿದಿರುವುದನ್ನು ಕಂಡು ಆಂಜಿನಯ್ಯನವರಿಗೆ ಅದರ ಮೇಲೆ ಗೌರವ ಮೂಡಿತು. ಬೆಳಗಿನದಕ್ಕೆ ನಾಲ್ಕು ಗಂಟೆ ಹಿಡಿದ ಕೆಲಸ ಇದಕ್ಕೆ ಅರ್ಧ ಗಂಟೆ. ಕೂದಲೆಳೆಯ ನಿಖರತೆ ಇಲ್ಲ. ಆದರೆ ಮುಕ್ಕಾಲಿ ಹಿಡಿಸದ ಸಂದಿಗೊಂದಿಗೂ ಇದು ನುಸುಳಬಲ್ಲದು.

“ನೀವು ಬಾಗ್ಲು ತೆಗೀತಾ ಮುಂದೆ ಹೋಗ್ತಿರಿ ಅಂಕಲ್, ನಾನು ಹಿಂದೆ ಬರ್ತೀನಿ” ಎಂದಳು ದೀಪ್ತಿ.

ಆಂಜಿನಯ್ಯನವರು ಬಾಗಿಲು ತೆರೆದದ್ದಷ್ಟೇ ಅಲ್ಲ. ಸಂಪಿನಿಂದ ಮಾಳಿಗೆಯ ಟ್ಯಾಂಕಿನವರೆಗೆ ಒಂದೊಂದು ಕೊಳವೆಯನ್ನೂ ಬಂಧುಗಳನ್ನು ಪರಿಚಯಿಸುವಂತೆ ಮುಟ್ಟಿ ಮುಟ್ಟಿ ತೋರಿಸುತ್ತ, ಯಂತ್ರದ ಕಣ್ಣಿನ ಮುಂದೆ ಮೂರು ಮಾರು ದೂರದಲ್ಲಿ, ಒಮ್ಮೆಯೂ ತಪ್ಪದಂತೆ ನಡೆದರು. ಒಂದೆಡೆ ಕೊಳವೆ ಗೋಡೆಯನ್ನು ಹೊಕ್ಕು ಮಾಯವಾಯಿತು. ಒಳಗಿನದು ಯಂತ್ರಕ್ಕೆ ಕಾಣುವುದೇ ಎಂದು ಕೇಳಿದರು. ಲೇಸರ್ ಯಾವುದಾದರೂ ಸರಿ, ಅದು ಕಾಣುವುದು ಮೇಲ್ಮೈಯನ್ನು ಮಾತ್ರ ಎಂದಳು ದೀಪ್ತಿ. ಅವರು ಆ ಗೋಡೆಯನ್ನು ಒಮ್ಮೆ ಕೈಯಿಂದ ತಟ್ಟಿ ನೋಡಿದರು. ಆದರೆ ಮುಂದಿನ ಬಾಗಿಲು ತೆರೆಯಬೇಕಿತ್ತು.

ಸಂಜೆ ಐದಕ್ಕೆ ಕಚೇರಿಯಲ್ಲಿ ಎರಡು ಲ್ಯಾಪ್‌ಟಾಪುಗಳು ತೆರೆದವು. ದೊಡ್ಡಬೈರಪ್ಪನವರು ಕನ್ನಡಕವನ್ನು ಒರೆಸಿ ಹಾಕಿಕೊಂಡರು. ಫಲ ತಿಳಿಯಲು ದ್ರೌಪದಮ್ಮನೂ ಕಾಫಿಯ ನೆಪದಲ್ಲಿ ಬಂದು ನಿಂತರು.

ಮೊದಲು ಶಶಿಕಿರಣನ ನಕ್ಷೆ. ಕಿಟಕಿಯ ಸರಳುಗಳೂ ಎಣಿಕೆಗೆ ಸಿಗುವಷ್ಟು ಅಚ್ಚುಕಟ್ಟು. ಅಧ್ಯಕ್ಷರು ಮೇಲಿನ ಹಾಲಿನ ಕಂಬಗಳನ್ನು ಬೆರಳಿಟ್ಟು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಇರುವುದು ಎಂಟು, ನಕ್ಷೆಯಲ್ಲಿದ್ದದ್ದು ಒಂಬತ್ತು. ವೇದಿಕೆಯ ಪಕ್ಕದ ಆ ಒಂಬತ್ತನೆಯ ಕಂಬ ಐದೂವರೆ ಅಡಿಗೇ ನಿಂತುಹೋಗಿತ್ತು, ಮೇಲ್ಛಾವಣಿಯನ್ನು ಮುಟ್ಟಿರಲಿಲ್ಲ. ನಡುವೆ ಕೊಂಚ ಉಬ್ಬಿತ್ತು. ಅಂಥದೇ ಮೋಟುಗಂಬ ಪ್ರತಿ ಕೋಣೆಯ ಬಾಗಿಲಲ್ಲೂ ಒಂದೊಂದಿತ್ತು.

ಅನಂತರ ದೀಪ್ತಿಯದು. ಅದರಲ್ಲಿ ಹೆಚ್ಚಿನ ಕಂಬವೇನೂ ಇರಲಿಲ್ಲ. ಬದಲಿಗೆ ಒಂದೂವರೆ ಅಡಿ ದಪ್ಪದ ಭಾರಿ ಕೊಳವೆಯೊಂದು ಸಂಪಿನ ಬಳಿ ಹುಟ್ಟಿ, ಒಂದು ಕೋಣೆಯನ್ನೂ ಬಿಡದೆ ಹೊಕ್ಕು, ಮೆಟ್ಟಿಲೇರಿ, ಮಾಳಿಗೆ ಸುತ್ತಿ, ಮರಳಿ ಸಂಪಿಗೇ ಬಂದು ಸೇರಿತ್ತು.

“ಇಷ್ಟು ದೊಡ್ಡ ಮೇನ್ ಲೈನ್ ನಮ್ಮಲ್ಲಿದೆಯೇನ್ರೀ?” ಎಂದರು ದೊಡ್ಡಬೈರಪ್ಪನವರು.

ದೂರದಲ್ಲಿ ನಿಂತ ಆಕೃತಿಯನ್ನು ಕಂಡು ‘ಇದು ಮೋಟುಮರವೋ ಮನುಷ್ಯನೋ’ ಎಂದು ಸಂಶಯಪಡುವುದನ್ನು ಶಾಸ್ತ್ರಕಾರರು ಉದಾಹರಣೆಯಾಗಿ ಕೊಟ್ಟಿದ್ದಾರೆ. ಯಂತ್ರಗಳಿಗೆ ಆ ಸಂಶಯವೂ ಬಂದಿರಲಿಲ್ಲ. ನಿಂತದ್ದನ್ನು ಒಂದು ಯಂತ್ರ ಕಂಬವೆಂದಿತು. ನಡೆದದ್ದನ್ನು ಇನ್ನೊಂದು ಯಂತ್ರ ಕೊಳವೆಯೆಂದಿತು. ಆಂಜಿನಯ್ಯನವರು ಕಂಬದ ನಡುವಿನ ಉಬ್ಬನ್ನು ದಿಟ್ಟಿಸಿ ನೋಡಿದರು, ಕೈ ತಾನಾಗಿ ತಮ್ಮ ಹೊಟ್ಟೆಯ ಮೇಲೆ ಹೋಯಿತು.

“ಸಾರ್, ಅದು ಕಂಬ ಅಲ್ಲ. ನಾನು” ಎಂದರು. ದೀಪ್ತಿಯ ನಕ್ಷೆಯತ್ತ ಬೆರಳು ತೋರಿಸಿ, “ಆ ಪೈಪೂ ನಾನೇ” ಎಂದರು.

“ನಂಗೆ ಹೊಟ್ಟೆ ನೋಡ್ದಾಗ್ಲೇ ಗೊತ್ತಾಯ್ತು. ನನ್ ಉದ್ದಿನವಡೆ ಅದು” ಎಂದರು ದ್ರೌಪದಮ್ಮ.

ಶಶಿಕಿರಣನೂ ದೀಪ್ತಿಯೂ ಒಟ್ಟಿಗೆ ಮಾತಾಡಿದರು. ಇದು ದೊಡ್ಡ ದೋಷವಲ್ಲ, ಅಳಿಸಿಬಿಡಬಹುದು. ಹೊರಗೆ ಕಾಣುವ ಕೊಳವೆಗಳಂತೂ ಎರಡರಲ್ಲೂ ಸರಿಯಾಗಿಯೇ ಇವೆ. ಗೋಡೆಯೊಳಗಿನವುಗಳನ್ನು ಮಾತ್ರ ತಿಳಿದವರು ಪಕ್ಕದಲ್ಲಿ ಕುಳಿತು ಒಂದೊಂದಾಗಿ ಗುರುತಿಸಿಕೊಡಬೇಕು. ಎಷ್ಟು ದಿನ ಹಿಡಿಯುತ್ತದೆಂದು ದೊಡ್ಡಬೈರಪ್ಪನವರು ಕೇಳಿದರು. ಎರಡು ತಿಂಗಳೆಂದ ಶಶಿಕಿರಣ್, ಎರಡೂವರೆಯೆಂದಳು ದೀಪ್ತಿ. ಮದುವೆಗೆ ಉಳಿದದ್ದು ಇಪ್ಪತ್ತೊಂಬತ್ತು ದಿನ.

ಅಧ್ಯಕ್ಷರು ಎರಡು ನಕ್ಷೆಗಳನ್ನೂ ಬಹಳ ಹೊತ್ತು ನೋಡಿದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ನೋಡಿ ಆಂಜಿನಯ್ಯನವ್ರೇ, ಒಂದಕ್ಕೊಂದು ಆಗದ ಎರಡು ಮಿಷನ್ನು. ನಿಮ್ಮ ವಿಷಯದಲ್ಲಿ ಮಾತ್ರ ಎರಡೂ ಒಂದೇ ಮಾತು ಹೇಳ್ತಿವೆ. ನೀವಿಲ್ದೆ ಈ ಕಟ್ಟಡ ಇಲ್ಲ. ಹಾಗಂತ ನಾನು ನಿಮ್ಮನ್ನ ಕೈ ಬಿಡ್ತೀನಾ? ಲಗ್ನಪತ್ರಿಕೆ ಇನ್ನೂ ಅಚ್ಚಾಗಿಲ್ಲ ತಾನೆ? ಅವತ್ತು ಮೇಲಿನ ಹಾಲ್ ಖಾಲಿ ಇದೆ. ಜ್ಯೋತಿಲಕ್ಷ್ಮಿ ಮದುವೆ ಇಲ್ಲೇ ಆಗ್ಲಿ, ಬಾಡಿಗೆ ಬೇಡ. ನಿಮ್ಗೆ ರಜಾನೇ ಬೇಕಾಗಲ್ಲ ನೋಡಿ.”

ಆಂಜಿನಯ್ಯನವರು ಉತ್ತರ ಹುಡುಕುವಷ್ಟರಲ್ಲಿ ದ್ರೌಪದಮ್ಮ ತಮ್ಮ ಫೋನಿನಲ್ಲಿ ನಾರಾಯಣಮ್ಮನವರಿಗೆ, ಅಂದರೆ ಆಂಜಿನಯ್ಯನವರ ಮನೆಯಾಕೆಗೆ, ಸುದ್ದಿ ಮುಟ್ಟಿಸಿಯಾಗಿತ್ತು. ಅತ್ತಲಿಂದ ಹರ್ಷದ ದನಿ ಕಚೇರಿಯ ಮೂಲೆಮೂಲೆಗೂ ಕೇಳಿಸಿತು. ಮಲ್ಲೇಶ್ವರದ ಆ ಇಕ್ಕಟ್ಟು ಹಾಲು ತಮಗೆ ಮೊದಲಿಂದಲೂ ಮನಸ್ಸಿಗೆ ಬಂದಿರಲಿಲ್ಲವಂತೆ. ಬೀಗರಿಗೆ ಈಗಲೇ ಹೇಳಿಬಿಡುತ್ತಾರಂತೆ. ಫೋನು ನಿಂತಿತು.

ಎಲ್ಲರೂ ಎದ್ದರು. ಕೆಳಗೆ ಸಾವಿರ ಎಲೆ, ಮೇಲೆ ಮುನ್ನೂರು, ಮುಹೂರ್ತ ಎರಡಕ್ಕೂ ಒಂದೇ. ಆ ಹೊತ್ತಿಗೆ ಯಾವ ಯಾವ ವಾಲ್ವು ತೆರೆದಿರಬೇಕೆಂದು ಆಂಜಿನಯ್ಯನವರ ಬೆರಳುಗಳು ತಾವಾಗಿಯೇ ಲೆಕ್ಕ ಹಾಕತೊಡಗಿದ್ದವು.

ದೀಪ್ತಿ ಹೊರಡುವ ಮುನ್ನ ತನ್ನ ಕೊಳವೆಯನ್ನು ಅಳಿಸಿದಳು. ಶಶಿಕಿರಣನೂ ಮೋಟುಗಂಬಗಳನ್ನು ಒಂದೊಂದಾಗಿ ತೆಗೆಯುತ್ತ ನಕ್ಷೆಯಲ್ಲಿ ಮೇಲಿನ ಹಾಲಿಗೆ ಬಂದ. ವೇದಿಕೆಯ ಬಲಗಡೆ, ಹಸೆಮಣೆಯಿಂದ ಎರಡೇ ಹೆಜ್ಜೆ ದೂರದಲ್ಲಿ, ಪರದೆ ಸುತ್ತಿಕೊಂಡ ಆ ಒಂಬತ್ತನೆಯ ಕಂಬ ನೆಟ್ಟಗೆ ನಿಂತಿತ್ತು.

“ಇದನ್ನೂ ತೆಗೆದುಬಿಡ್ತೀನಿ ಸಾರ್” ಎಂದ.

ಆಂಜಿನಯ್ಯನವರು ಅವನ ಕೈ ಹಿಡಿದರು.

“ಅದೊಂದು ಇರ್ಲಿ ಬಿಡಪ್ಪ” ಎಂದರು. “ಅಲ್ಲಿಂದ ತಾಳಿ ಕಟ್ಟೋದು ಚೆನ್ನಾಗಿ ಕಾಣತ್ತೆ.”